ಮೂರನೆಯ ‘ಬೇಡ’

ನಮ್ಮ ಕಡೆ ಮೊದಲ ಸಲ ಹೇಳುವ ‘ಬೇಡ’ಕ್ಕೆ ಬೆಲೆ ಇಲ್ಲ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು, ಚಾ ಮಾಡಲಾ ಅಂತ ಕೇಳಿದರೆ ‘ಬೇಡ ಬೇಡ, ಈಗಷ್ಟೇ ಕುಡಿದು ಬಂದದ್ದು’ ಅನ್ನುತ್ತಾರೆ. ಅದನ್ನು ನಂಬಿ ನಾವು ಸುಮ್ಮನೆ ಕೂತರೆ ಮರ್ಯಾದೆ ಹೋದ ಹಾಗೆ. ಎರಡನೆಯ ಸಲ ಕೇಳಬೇಕು. ಆಗಿನ ‘ಬೇಡ’ ಸ್ವಲ್ಪ ಮೆತ್ತಗಿರುತ್ತದೆ. ಮೂರನೆಯ ಸಲ ಕೇಳಿದಾಗ ‘ಹಾಗಾದ್ರೆ ಅರ್ಧ ಗ್ಲಾಸು ಸಾಕು’ ಅಂತ ಬರುತ್ತದೆ. ಆಗಲೂ ಬೇಡ ಅಂದರೆ ಮಾತ್ರ ನಿಜವಾಗಿ ಬೇಡ. ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ. ಜಗಲಿಯಲ್ಲಿ ಆಡುತ್ತಾ ಆಡುತ್ತಾ ಕಿವಿಗೆ ಬಿದ್ದದ್ದು.

ನನ್ನ ದೊಡ್ಡಮ್ಮ ತಮ್ಮ ಕೊನೆಯ ಹತ್ತು ವರ್ಷಗಳಲ್ಲಿ ಒಂದು ಮಾತನ್ನು ಎಷ್ಟು ಸಲ ಹೇಳಿದ್ದರೋ ಲೆಕ್ಕ ಇಲ್ಲ. ‘ನನಗೆ ಆ ಪೈಪುಗೀಪು ಎಲ್ಲ ಹಾಕಿ ಮಲಗಿಸುವುದು ಬೇಡ. ಗಂಜಿ ಇಳಿಯುವಷ್ಟು ದಿನ ಇದ್ದರೆ ಸಾಕು.’ ಊರಿನ ಯಾರಾದರೂ ಹಾಸಿಗೆ ಹಿಡಿದ ಸುದ್ದಿ ಬಂದಾಗೆಲ್ಲ ಈ ಮಾತು ಬರುತ್ತಿತ್ತು. ನಾವು ನಗುತ್ತಿದ್ದೆವು. ‘ನಿಮಗೆ ಎಂತ ಆಗ್ತದೆ ದೊಡ್ಡಮ್ಮ, ನೂರು ವರ್ಷ ಇರ್ತೀರಿ’ ಅನ್ನುತ್ತಿದ್ದೆವು. ಅಲ್ಲಿಗೆ ಮಾತು ಮುಗಿಯಿತು. ಚಾ ಬೇಕಾ ಅಂತ ಮೂರು ಸಲ ಕೇಳುವ ನಾವು, ಇದನ್ನು ಮಾತ್ರ ಎರಡನೆಯ ಸಲ ಕೇಳಲೇ ಇಲ್ಲ.

2019ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ, ಕಾರ್ಕಳದ ಹತ್ತಿರದ ಅವರ ಮನೆಯಲ್ಲಿ, ಹೂ ಕೊಯ್ಯಲು ಅಂಗಳಕ್ಕೆ ಇಳಿದವರು ತುಳಸಿಕಟ್ಟೆಯ ಪಕ್ಕ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಸಂಜೆ ಹೊತ್ತಿಗೆ ಮಂಗಳೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಹಾಕಿ ಆಗಿತ್ತು. ವಯಸ್ಸು 81. ಆ ಹೊತ್ತಿಗೆ ಯಾರೂ ಯೋಚನೆ ಮಾಡಲಿಲ್ಲ. ಯೋಚನೆ ಮಾಡದೆ ಇದ್ದದ್ದು ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ಬಿದ್ದವರನ್ನು ಮೊದಲು ಎತ್ತಬೇಕು.

ಕಷ್ಟ ಶುರುವಾದದ್ದು ಐದನೆಯ ದಿನ. ಇನ್ನು ಚೇತರಿಸಿಕೊಳ್ಳುವುದು ಕಷ್ಟ ಅಂತ ವೈದ್ಯರು ಹೇಳಿದ ದಿನ. ದೊಡ್ಡಮ್ಮನ ಮಗಳು, ನನಗೆ ಅಕ್ಕ, ಅವರ ಜೊತೆಗೇ ಇದ್ದು ನೋಡಿಕೊಂಡವಳು. ಅವಳು ಏನೂ ಹೇಳಲಿಲ್ಲ. ಮಗ ದುಬೈಯಲ್ಲಿ. ರಜೆ ಸಿಕ್ಕಿರಲಿಲ್ಲ. ದಿನಕ್ಕೆ ಮೂರು ಸಲ ಫೋನ್ ಮಾಡಿ ‘ಖರ್ಚು ನೋಡ್ಬೇಡಿ, ತೆಗೆಯುವುದು ಮಾತ್ರ ಬೇಡ’ ಅನ್ನುತ್ತಿದ್ದ. ನಾನು 34 ವರ್ಷ ಉಡುಪಿಯಲ್ಲೇ ಹುಟ್ಟಿದ ಬ್ಯಾಂಕೊಂದರಲ್ಲಿ ಕೆಲಸ ಮಾಡಿದವನು. (ಆ ಬ್ಯಾಂಕಿನ ಹೆಸರು 2020ರ ವಿಲೀನದಲ್ಲಿ ಅಳಿಸಿ ಹೋಯಿತು. ಅದು ಬೇರೆ ದುಃಖ.) ಹಾಗಾಗಿ ಫೈಲು, ಬಿಲ್ಲು, ವಿಮೆಯ ಕಾಗದ ಎಲ್ಲ ನನ್ನ ಕೈಗೆ ಬಂತು.

ಐಸಿಯು ಹೊರಗಿನ ಕುರ್ಚಿಗಳಲ್ಲಿ ಕೂತು ನಾವು ಎರಡು ಮಾತುಗಳನ್ನು ಬಹಳ ಸಲ ಆಡಿದೆವು. ಒಂದು, ‘ಅವರಿಗೆ ಈಗ ಏನೂ ಗೊತ್ತಾಗ್ತಿಲ್ಲ’. ಇನ್ನೊಂದು, ‘ಪಾಪ, ಎಷ್ಟು ನರಳ್ತಿದ್ದಾರೆ’. ಇವೆರಡೂ ಒಟ್ಟಿಗೆ ನಿಜ ಆಗಲು ಸಾಧ್ಯವೇ ಇಲ್ಲ, ಅಲ್ವಾ? ಏನೂ ಗೊತ್ತಾಗದವರು ನರಳುವುದು ಹೇಗೆ? ನರಳುವವರಿಗೆ ಏನೂ ಗೊತ್ತಾಗುತ್ತಿಲ್ಲ ಅನ್ನುವುದು ಹೇಗೆ? ಆದರೆ ನಾವು ಒಂದೇ ಕುರ್ಚಿಯಲ್ಲಿ ಕೂತು, ಹತ್ತು ನಿಮಿಷದ ಒಳಗೆ ಎರಡನ್ನೂ ಹೇಳಿದ್ದೇವೆ. ಬ್ಯಾಂಕಿನಲ್ಲಿ ಸಂಜೆ ಡೆಬಿಟ್ಟು ಕ್ರೆಡಿಟ್ಟು ಟ್ಯಾಲಿ ಆಗದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇಲ್ಲಿ ಟ್ಯಾಲಿ ಮಾಡುವವರು ಯಾರು? ಮನಸ್ಸು ಮೊದಲೇ ಒಂದು ಕಡೆ ವಾಲಿತ್ತು. ಆ ಕಡೆಗೆ ಎಳೆಯುವ ಮಾತು ಯಾವುದು ಸಿಕ್ಕಿದರೂ ಎತ್ತಿಕೊಂಡೆವು.

ಹದಿನಾಲ್ಕನೆಯ ದಿನ ಆಸ್ಪತ್ರೆಯವರು ಹೇಳಿದರು, ನಾವಾಗಿ ತೆಗೆಯುವ ಹಾಗಿಲ್ಲ, ನಿಮಗೆ ಬೇಕಾದರೆ ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗಬಹುದು. ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಅಂತ ಆ ಕಾಗದದಲ್ಲಿ ಇರುತ್ತದೆ. ಸಲಹೆ ಕೊಟ್ಟವರೂ ಅವರೇ, ವಿರುದ್ಧ ಅಂತ ಬರೆಸಿಕೊಂಡವರೂ ಅವರೇ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ. ಅವರಿಗೂ ಕೋರ್ಟು ಕಚೇರಿಯ ಹೆದರಿಕೆ ಇತ್ತು. ನಮ್ಮ ದೇಶದಲ್ಲಿ ಎಷ್ಟೋ ಮನೆಗಳಿಗೆ ಸಾವು ಬರುವುದು ಈ ಸಹಿಯ ದಾರಿಯಲ್ಲೇ.

ಹದಿನೈದನೆಯ ದಿನ ಮಧ್ಯಾಹ್ನ ಆಂಬುಲೆನ್ಸ್‌ನಲ್ಲಿ ಹೊರಟೆವು. ವೆಂಟಿಲೇಟರ್ ಬದಲು, ಕೈಯಿಂದ ಒತ್ತಿ ಉಸಿರು ಕೊಡುವ ಒಂದು ರಬ್ಬರಿನ ಆಂಬು ಬ್ಯಾಗ್. ಇಪ್ಪತ್ತೆರಡು ಇಪ್ಪತ್ತಮೂರು ಪ್ರಾಯದ ಒಬ್ಬ ಹುಡುಗ ಅದನ್ನು ಒತ್ತುತ್ತಾ ಕೂತಿದ್ದ. ಗುರುಪುರ ಸೇತುವೆ ದಾಟುವಾಗ ಧೋ ಮಳೆ. ಮೂಡುಬಿದಿರೆಯಲ್ಲಿ ಸ್ವಲ್ಪ ಬ್ಲಾಕ್ ಇತ್ತು. ಅವನ ಕೈ ಒಮ್ಮೆಯೂ ನಿಲ್ಲಲಿಲ್ಲ. ಮನೆಯಲ್ಲಿ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿಸಿದೆವು. ಅವನು ನಮ್ಮೆಲ್ಲರ ಮುಖ ನೋಡಿ ‘ತೆಗೀಲಾ?’ ಅಂತ ಕೇಳಿದ. ಯಾರೂ ಮಾತಾಡಲಿಲ್ಲ. ಎರಡನೆಯ ಸಲ ಕೇಳಿದ. ಅಕ್ಕ ತಲೆ ಅಲ್ಲಾಡಿಸಿದಳು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಅವನು ಬಾವಿಕಟ್ಟೆಯಲ್ಲಿ ಕೈ ತೊಳೆದುಕೊಂಡು ಹೊರಟು ಹೋದ. ಅಷ್ಟು ದೂರದಿಂದ ಬಂದವನಿಗೆ ಒಂದು ಚಾ ಕೂಡ ಕೇಳಲಿಲ್ಲ ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ.

ಆ ರಬ್ಬರ್ ಚೀಲದ ಕತೆ ಆಮೇಲೆ ಓದಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ದೊಡ್ಡದಾಗಿ ಹಬ್ಬಿತು. ಉಸಿರಾಟ ನಿಲ್ಲುತ್ತಿದ್ದ ರೋಗಿಗಳಿಗೆ ಸಾಕಷ್ಟು ಯಂತ್ರ ಇರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಗಂಟಲಿಗೆ ರಂಧ್ರ ಮಾಡಿ, ಕೊಳವೆ ಹಾಕಿ, ಚೀಲದಿಂದ ಗಾಳಿ ತಳ್ಳಿ ನೋಡಿದರು. ಅದು ಫಲ ಕೊಟ್ಟಿತು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಗಲು ರಾತ್ರಿ, ವಾರಗಟ್ಟಲೆ ಕೈಯಿಂದಲೇ ಚೀಲ ಒತ್ತಿದರು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ. ತಾನಾಗಿ ಉಬ್ಬುವ ಆಂಬು ಬ್ಯಾಗ್ ಬಂದದ್ದೂ ಅದೇ ದೇಶದಿಂದ, 1956ರಲ್ಲಿ. ಅಲ್ಲಿ ಆ ವಿದ್ಯಾರ್ಥಿಗಳು ಬದುಕಿಸಲು ಒತ್ತಿದರು. ನಮ್ಮ ಹುಡುಗ ಮನೆ ಮುಟ್ಟಿಸಲು ಒತ್ತಿದ.

ನನ್ನನ್ನು ಕಾಡಿದ್ದು ಒಂದು ಪ್ರಶ್ನೆ. ಇದನ್ನು ತೀರ್ಮಾನ ಮಾಡಿದ್ದು ಯಾರು? ಆಸ್ಪತ್ರೆಯ ಪ್ರಕಾರ ಮನೆಯವರು. ಸಹಿ ಇದೆ. ನಮ್ಮ ಪ್ರಕಾರ ಡಾಕ್ಟರು. ಆಸೆ ಇಲ್ಲ ಅಂದವರು ಅವರಲ್ವಾ? ಅಣ್ಣ ದುಬೈಯಲ್ಲಿದ್ದ. ಕೊನೆಗೆ ಕೈಯಿಂದ ತೆಗೆದವನು ತಿಂಗಳ ಸಂಬಳದ ಹುಡುಗ. ಬ್ಯಾಂಕಿನಲ್ಲಿ ಮೇಕರ್, ಚೆಕರ್ ಅಂತ ಇರುತ್ತದೆ. ಒಬ್ಬ ನಮೂದಿಸುತ್ತಾನೆ, ಇನ್ನೊಬ್ಬ ಪರಿಶೀಲಿಸಿ ಪಾಸು ಮಾಡುತ್ತಾನೆ. ಇಬ್ಬರ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ. ಹತ್ತು ಸಾವಿರ ರೂಪಾಯಿಗೆ ಅಷ್ಟು ಜಾಗ್ರತೆ. ದೊಡ್ಡಮ್ಮನ ವಿಷಯದಲ್ಲಿ ಜವಾಬ್ದಾರಿಯನ್ನು ಎಷ್ಟು ಸಣ್ಣ ಸಣ್ಣ ತುಂಡು ಮಾಡಿದ್ದೆವು ಅಂದರೆ, ಯಾರ ಕೈಯಲ್ಲೂ ಅದು ಕಾಣುತ್ತಿರಲಿಲ್ಲ. ಅಕ್ಕನೊಬ್ಬಳ ತಲೆ ಅಲ್ಲಾಡಿದ್ದು ಮಾತ್ರ ಎಲ್ಲರೂ ನೋಡಿದ್ದು.

ಮೊದಲು ಮಾತನ್ನೇ ಬಿಡಿಸಿಕೊಳ್ಳಬೇಕು ಅಂತ ನನಗೆ ಅನಿಸಿತು. ನಮ್ಮ ಪತ್ರಿಕೆಗಳಲ್ಲಿ ‘ದಯಾಮರಣ’ ಅನ್ನುವ ಒಂದೇ ಮಾತಿನಲ್ಲಿ ಮೂರು ನಾಲ್ಕು ಸಂಗತಿ ತುಂಬಿರುತ್ತವೆ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ಒಂದು. ಹಾಕಿದ ಯಂತ್ರ ತೆಗೆಯುವುದು ಇನ್ನೊಂದು. ಯಂತ್ರವನ್ನೇ ಹಾಕದಿರುವುದು ಮತ್ತೊಂದು. ನೋವಿಗೆ ಬೇಕಾದಷ್ಟು ಮಾರ್ಫಿನ್ ಕೊಡುವುದು ಬೇರೆಯೇ. ಅದು ಸಾಯಿಸುವುದೂ ಅಲ್ಲ, ಬಿಡುವುದೂ ಅಲ್ಲ, ಚಿಕಿತ್ಸೆಯೇ. ನೆದರ್ಲ್ಯಾಂಡ್ಸ್‌ನಲ್ಲಿ 2002ರಿಂದ ಮೊದಲನೆಯದಕ್ಕೂ ಕಾನೂನು ಇದೆ. ಕೆನಡಾದಲ್ಲಿ 2016ರಿಂದ ಇದೆ. ನಮ್ಮಲ್ಲಿ ಅದು ಅಪರಾಧ. ನಮ್ಮ ಸುಪ್ರೀಂ ಕೋರ್ಟು ಒಪ್ಪಿರುವುದು ಎರಡನೆಯದನ್ನೂ ಮೂರನೆಯದನ್ನೂ ಮಾತ್ರ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು, ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ, ಒಬ್ಬರು ಎಚ್ಚರ ಇರುವಾಗಲೇ ‘ನನಗೆ ಇಂಥದ್ದು ಬೇಡ’ ಅಂತ ಬರೆದಿಡಬಹುದು ಅಂತ. ಅಂದರೆ ದೊಡ್ಡಮ್ಮ ಬೀಳುವ ಒಂದು ವರ್ಷದ ಹಿಂದೆಯೇ ಈ ದಾರಿ ಇತ್ತು. ಕಾಗದದ ಮೇಲೆ ಇತ್ತು, ಅಷ್ಟೇ. ಬರೆದದ್ದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಆಸ್ಪತ್ರೆಯ ಮಂಡಳಿ ಒಪ್ಪಿದ ಮೇಲೆ ಜಿಲ್ಲಾಧಿಕಾರಿ ಇನ್ನೊಂದು ಮಂಡಳಿ ರಚಿಸಬೇಕಿತ್ತು. ಆಮೇಲೆ ಮ್ಯಾಜಿಸ್ಟ್ರೇಟರೇ ಬಂದು ರೋಗಿಯನ್ನು ನೋಡಬೇಕಿತ್ತು. ಇಷ್ಟೆಲ್ಲ ಆಗುವ ಹೊತ್ತಿಗೆ ಹದಿಮೂರೂ ಮುಗಿದು ಮಾಸಿಕದ ದಿನ ಬಂದಿರುತ್ತದೆ. 2023ರ ಜನವರಿಯಲ್ಲಿ ಕೋರ್ಟು ಇದನ್ನು ಸರಳ ಮಾಡಿತು. ಈಗ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು, ಇಬ್ಬರು ಸಾಕ್ಷಿಗಳ ಜೊತೆ ಸಹಿ ಹಾಕಿದರೆ ಸಾಕು. ವೈದ್ಯರ ಎರಡು ಮಂಡಳಿಗಳೂ ಆದಷ್ಟು 48 ಗಂಟೆಯ ಒಳಗೆ ಅಭಿಪ್ರಾಯ ಕೊಡಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಆಯಿತು. ಕರ್ನಾಟಕ ಸರಕಾರ 2025ರ ಜನವರಿ 30ರಂದು ಇದನ್ನು ಜಾರಿ ಮಾಡುವ ಸುತ್ತೋಲೆ ಹೊರಡಿಸಿತು. ಮರುದಿನ ನಮ್ಮ ಪಕ್ಕದ ಮನೆಯವರು ‘ಇನ್ನು ಮುದುಕರಿಗೆ ಇಂಜೆಕ್ಷನ್ ಕೊಡ್ಬಹುದಂತೆ ಮಾರಾಯ್ರೆ’ ಅಂತ ಗಾಬರಿಯಿಂದ ಹೇಳಿದರು. ನಾನು ಹೇಳಿದ ಒಂದೇ ಮಾತಿನ ತೊಂದರೆ ಇದೇ.

ಈ ಎಲ್ಲ ಕಾನೂನಿನ ಹಿಂದೆ ನಮ್ಮ ಕರಾವಳಿಯದೇ ಒಬ್ಬ ಹೆಣ್ಣುಮಗಳು ಇದ್ದಾರೆ. ಅರುಣಾ ಶಾನಭಾಗ್. ಹೊನ್ನಾವರದ ಹತ್ತಿರದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ದಾಳಿ ಮಾಡಿದ. ಕುತ್ತಿಗೆಗೆ ಬಿಗಿದ ಸರಪಣಿಯಿಂದ ಮೆದುಳಿಗೆ ರಕ್ತ ಹೋಗದೆ, ಅವರು 2015ರ ಮೇ 18ರ ತನಕ, ನಲವತ್ತೊಂದು ವರ್ಷಕ್ಕೂ ಜಾಸ್ತಿ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಇದ್ದರು. ಅವರನ್ನು ನೆಮ್ಮದಿಯಿಂದ ಸಾಯಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಕೆಇಎಂ ನರ್ಸುಗಳು ಒಪ್ಪಲಿಲ್ಲ. ಇವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಅಂದರು. 2011ರ ಮಾರ್ಚ್ 7ರಂದು ಕೋರ್ಟು ನರ್ಸುಗಳ ಮಾತನ್ನೇ ಎತ್ತಿ ಹಿಡಿಯಿತು. ಯಂತ್ರ ತೆಗೆಯುವುದಕ್ಕೆ ದೇಶದಲ್ಲಿ ಮೊದಲ ಬಾಗಿಲು ತೆರೆದದ್ದೂ ಅದೇ ತೀರ್ಪು. ಅರುಣಾ ಅವರಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ.

ಮೊದಲು ಈ ತೀರ್ಪು ಓದಿದಾಗ ನಾನು ಪೂರ್ತಿ ಅರ್ಜಿ ಹಾಕಿದವರ ಪರ ಇದ್ದೆ. ಆಮೇಲೆ ಒಂದು ವಿವರದಲ್ಲಿ ಸಿಕ್ಕಿಬಿದ್ದೆ. ಅವರು ವೆಂಟಿಲೇಟರ್ ಮೇಲೆ ಇರಲೇ ಇಲ್ಲ. ಸ್ವಂತ ಉಸಿರಾಟ. ಬಹಳ ವರ್ಷ ಬಾಯಿಂದಲೇ ಊಟ. ಇಷ್ಟದ ಮೀನು ಕೊಟ್ಟರೆ ಮುಖ ಅರಳುತ್ತದೆ ಅಂತ ಆಸ್ಪತ್ರೆಯವರು ಕೋರ್ಟಿಗೆ ಹೇಳಿದ್ದರು. ದೊಡ್ಡಮ್ಮನ ಲೆಕ್ಕದಲ್ಲಿ ನೋಡಿದರೆ, ಗಂಜಿ ಇಳಿಯುತ್ತಿತ್ತು! ಹಾಗಾದರೆ ದೊಡ್ಡಮ್ಮನ ಅಳತೆಗೋಲು ಅರುಣಾ ಅವರಿಗೆ ನಡೆಯುತ್ತದಾ? ಆ ಅಳತೆಗೋಲು ದೊಡ್ಡಮ್ಮನದು, ಅವರು ತಮಗಾಗಿ ಮಾಡಿಕೊಂಡದ್ದು. ಅರುಣಾ ಅವರ ಅಳತೆಗೋಲು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೈದರ ಹುಡುಗಿ ಯಾಕೆ ಅದನ್ನೆಲ್ಲ ಹೇಳಿಟ್ಟಿರುತ್ತಾಳೆ?

ಹಾಕದೆ ಇರುವುದು ಮತ್ತು ಹಾಕಿದ್ದನ್ನು ತೆಗೆಯುವುದು. ಇದರ ಬಗ್ಗೆ ನಾನು ತುಂಬ ತಲೆ ಕೆಡಿಸಿಕೊಂಡಿದ್ದೇನೆ. ಮಲ್ಪೆ ಧಕ್ಕೆಯಲ್ಲಿ ಒಬ್ಬ ನೀರಿಗೆ ಬಿದ್ದಿದ್ದಾನೆ ಅಂತ ಇಟ್ಟುಕೊಳ್ಳಿ. ಹಗ್ಗ ಎಸೆಯದೆ ನಿಂತವನು ಒಬ್ಬ. ಎಸೆದು, ಅವನು ಹಿಡಿದುಕೊಂಡ ಮೇಲೆ ಅರ್ಧದಲ್ಲಿ ಕೈಬಿಟ್ಟವನು ಇನ್ನೊಬ್ಬ. ಎರಡನೆಯವನ ಮೇಲೆ ನಮಗೆ ಸಿಟ್ಟು ಜಾಸ್ತಿ. ವೆಂಟಿಲೇಟರ್ ತೆಗೆಯುವಾಗ ಮನೆಯವರಿಗೆ ಆಗುವ ನಡುಕ ಇದೇ, ನಾನು ಹಗ್ಗ ಬಿಟ್ಟೆ ಅಂತ. ಆದರೆ ನೋಡಿ, ಆ ಇಬ್ಬರೂ ತಪ್ಪು ಮಾಡಿದ್ದು ಯಾಕೆ? ಎಳೆದರೆ ಅವನು ಮೇಲೆ ಬರುತ್ತಿದ್ದ. ದೊಡ್ಡಮ್ಮನನ್ನು ಎಷ್ಟು ಎಳೆದರೂ ಮೇಲೆ ತರುವಂತಿರಲಿಲ್ಲ. ಮುಳುಗದ ಹಾಗೆ ಹಿಡಿದುಕೊಂಡು ನಿಲ್ಲುವುದಷ್ಟೇ ಆಗುತ್ತಿತ್ತು. ಕೇಳಬೇಕಾದದ್ದು ಎಳೆದರೆ ಬರುತ್ತಾರಾ ಅಂತ. ಹಗ್ಗ ಎಸೆದದ್ದೋ ಬಿಟ್ಟದ್ದೋ ಅನ್ನುವುದು ಆಮೇಲಿನ ಮಾತು.

ಇದು ಬರೀ ತರ್ಕದ ಆಟ ಅಲ್ಲ. ನಮ್ಮ ಕತೆ ಕೇಳಿದ ಪರಿಚಯದ ಒಂದು ಮನೆಯವರು, ಮರುವರ್ಷ ತಮ್ಮ ತಂದೆಗೆ ನ್ಯುಮೋನಿಯಾ ಆದಾಗ ವೆಂಟಿಲೇಟರ್ ಬೇಡ ಅಂದರು. ಕಾರಣ, ‘ಒಮ್ಮೆ ಹಾಕಿದ್ರೆ ತೆಗೀಲಿಕ್ಕೆ ಬಿಡುದಿಲ್ಲ’. ಅವರಿಗೆ 70 ಕೂಡ ಆಗಿರಲಿಲ್ಲ. ನಾಲ್ಕು ದಿನ ಯಂತ್ರದ ಸಹಾಯ ಸಿಕ್ಕಿದ್ದರೆ ಎದ್ದು ಬರುತ್ತಿದ್ದರೋ ಏನೋ. ತೆಗೆಯುವುದೇ ಪಾಪ ಅಂತ ಮಾಡಿಟ್ಟರೆ ಹಾಕುವುದಕ್ಕೂ ಜನ ಹೆದರುತ್ತಾರೆ. ‘ಮೂರು ದಿನ ನೋಡೋಣ’ ಅನ್ನುವ ದಾರಿಯೇ ಮುಚ್ಚಿಹೋಗುತ್ತದೆ.

ಇನ್ನು ದುಡ್ಡಿನ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದ್ದೇನೆ.

ನನ್ನ ಹತ್ತಿರ ಆ ಹದಿನೈದು ದಿನಗಳ ಒಂದು ಪುಟ್ಟ ಡೈರಿ ಇದೆ. ಬ್ಯಾಂಕಿನ ಚಾಳಿ. ಒಂದು ಬದಿಯಲ್ಲಿ ಆ ದಿನದ ಬಿಲ್ಲು, ಇನ್ನೊಂದು ಬದಿಯಲ್ಲಿ ಡಾಕ್ಟರು ಹೇಳಿದ್ದು, ನಾವು ಮಾತಾಡಿದ್ದು. ಒಂದು ವರ್ಷ ಆದಮೇಲೆ ತೆರೆದು ನೋಡಿದೆ. ಎಂಟನೆಯ ದಿನದವರೆಗೆ ನನ್ನ ಅಕ್ಷರದಲ್ಲಿ ‘ದೇವರು ದೊಡ್ಡವ’, ‘ಕೈ ಸ್ವಲ್ಪ ಅಲ್ಲಾಡಿದ ಹಾಗಿತ್ತು’ ಅಂತ ಇದೆ. ಒಂಬತ್ತನೆಯ ದಿನ ವಿಮೆಯ ಮಿತಿ ಮುಗಿಯಿತು. ಹತ್ತನೆಯ ದಿನ ಬರೆದಿದ್ದೇನೆ, ‘ಇಷ್ಟು ನರಳಿಸುವುದು ನ್ಯಾಯವಾ?’ ಆ ಎರಡು ದಿನಗಳ ನಡುವೆ ದೊಡ್ಡಮ್ಮನ ಸ್ಥಿತಿಯಲ್ಲಿ ಏನೂ ಬದಲಾಗಿರಲಿಲ್ಲ. ಡಾಕ್ಟರರ ಮಾತು ಎರಡೂ ದಿನ ಒಂದೇ. ಬದಲಾದದ್ದು ಎಡಬದಿಯ ಅಂಕಿ.

ಓದಿ ಮುಖಕ್ಕೆ ಹೊಡೆದ ಹಾಗಾಯಿತು. ಸುಮ್ನೆ ಕೂತು ನನ್ನನ್ನೇ ಕೇಳಿಕೊಂಡೆ. ಬಿಲ್ಲು ಸೊನ್ನೆ ಇದ್ದಿದ್ದರೆ? ಇನ್ನೂ ಕೆಲವು ದಿನ ಬಿಡುತ್ತಿದ್ದೆ. ಮಲಗಿದ್ದವಳು ನನ್ನ ಮಗಳಾಗಿದ್ದರೆ? ಮನೆ ಮಾರುತ್ತಿದ್ದೆ. ದೊಡ್ಡಮ್ಮನೇ, ಆದರೆ ಅವರ ಮಾತು ನಾವು ಕೇಳಿಯೇ ಇಲ್ಲದಿದ್ದರೆ? ಗೊತ್ತಿಲ್ಲ. ಹೀಗೆ ಒಂದೊಂದೇ ಸಂಗತಿ ಬದಲು ಮಾಡಿ ನೋಡುವುದು ನನಗೆ ಈಗ ಅಭ್ಯಾಸ ಆಗಿದೆ. ಯಾವುದು ಬದಲಾದಾಗ ನನ್ನ ತೀರ್ಮಾನ ಬದಲಾಗುತ್ತದೋ, ನನ್ನ ನಿಜವಾದ ಕಾರಣ ಅಲ್ಲಿರುತ್ತದೆ. ಬಾಯಲ್ಲಿ ಹೇಳಿದ ಕಾರಣ ಬೇರೆ ಎಲ್ಲೋ ಇರುತ್ತದೆ.

ಹಾಗಂತ ದುಡ್ಡು ನೀಚ ಕಾರಣ ಅಂತ ನಾನು ಈಗಲೂ ಒಪ್ಪುವುದಿಲ್ಲ. ಅಣ್ಣ ‘ಖರ್ಚು ನೋಡ್ಬೇಡಿ’ ಅಂದನೇ ಹೊರತು ಕಳಿಸಿದ್ದು ಅರ್ಧ. ಉಳಿದದ್ದು ಅಕ್ಕನ ಎಫ್‌ಡಿಯಿಂದ ಹೋಯಿತು. ಅದು ಅವಳ ಮಗನ ಇಂಜಿನಿಯರಿಂಗ್ ಫೀಸಿಗೆ ಅಂತ ಇಟ್ಟದ್ದು. ಅವನ ಓದೂ ಒಂದು ಜೀವನವೇ ಅಲ್ವಾ? ದೊಡ್ಡಮ್ಮನಿಗೆ ಕೇಳಿದ್ದರೆ ಮೊಮ್ಮಗನ ಫೀಸು ಮುರಿದು ನನಗೆ ಪೈಪು ಹಾಕಿ ಅನ್ನುತ್ತಿದ್ದರಾ? ಹಾಗಾಗಿ ದುಡ್ಡನ್ನು ಮೇಜಿನ ಮೇಲೆ ಇಟ್ಟೇ ಮಾತಾಡಬಹುದಿತ್ತು. ನಾನು ಅದನ್ನು ನರಳಾಟದ ಕೆಳಗೆ ಮುಚ್ಚಿಟ್ಟೆ. ಅಷ್ಟು ನರಳಾಟದ ಚಿಂತೆ ಇದ್ದಿದ್ದರೆ, ನೋವಿಗೆ ಏನು ಕೊಡುತ್ತಿದ್ದೀರಿ ಅಂತ ಡಾಕ್ಟರನ್ನು ಒಮ್ಮೆಯಾದರೂ ಕೇಳಬೇಕಿತ್ತು. ಡೈರಿಯಲ್ಲಿ ಎಲ್ಲೂ ಅದು ಇಲ್ಲ.

ಆಮೇಲಿನ ವರ್ಷಗಳಲ್ಲಿ ಇಬ್ಬರು ಗೆಳೆಯರ ಜೊತೆ ಇದನ್ನು ಬಹಳ ಮಾತಾಡಿದ್ದೇನೆ. ಒಬ್ಬರು ಕಾರ್ಕಳದ ಜೈನರು, ನಿವೃತ್ತ ಮಾಸ್ತರು. ಸಲ್ಲೇಖನವನ್ನು, ಅಂದರೆ ಆಹಾರ ತೊರೆದು ದೇಹ ಬಿಡುವ ಜೈನರ ವ್ರತವನ್ನು, ಆತ್ಮಹತ್ಯೆ ಅಂತ 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟು ಹೇಳಿದಾಗ ಅವರಿಗೆ ತುಂಬ ನೋವಾಗಿತ್ತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಮಾಸ್ತರು ಹೇಳಿದರು, ‘ನಮ್ಮಲ್ಲಿ ಅವಸರ ಇಲ್ಲ. ಗುರುಗಳು ಒಪ್ಪಬೇಕು. ಮನೆಯವರು ಒಪ್ಪಬೇಕು. ಒಮ್ಮೆಗೇ ಅಲ್ಲ, ಆಹಾರ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುವುದು. ಸಿಟ್ಟಿನಲ್ಲೋ ಬೇಸರದಲ್ಲೋ ಮಾಡುವಂತೆಯೇ ಇಲ್ಲ.’ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹೀಗೆ ದೇಹ ಬಿಟ್ಟವರ ಶಾಸನಗಳು ಸಾವಿರದ ಮುನ್ನೂರು ವರ್ಷಕ್ಕೂ ಹಿಂದಿನಿಂದ ಇವೆ. ನಂದಿಸೇನ ಎಂಬ ಮುನಿಯ ಶಾಸನ ಸಿರಿ ಸಂಪತ್ತನ್ನು ಕಾಮನಬಿಲ್ಲಿಗೆ, ಮಿಂಚಿಗೆ, ಮಂಜಿಗೆ ಹೋಲಿಸುತ್ತದೆ. ನನಗೆ ಹಿಡಿಸಿದ್ದು ಆ ಪದ್ಧತಿಯ ಒಳಗೇ ಇರುವ ಮತ್ತೆ ಮತ್ತೆ ಕೇಳುವ ಗುಣ.

ಆದರೂ ಒಂದು ಮಾತು ಕೇಳಿದೆ. ‘ಮಾಸ್ತರೇ, ವ್ರತ ಹಿಡಿದವರಿಗೆ ಊರೆಲ್ಲ ಕೈಮುಗಿಯುತ್ತದೆ. ನಡುವೆ ಅವರಿಗೆ ಸಾಕು ಅನಿಸಿದರೆ ಬಾಯಿ ಬಿಟ್ಟು ಹೇಳುವುದು ಸುಲಭವಾ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಸುಲಭ ಅಲ್ಲ. ಗುರುಗಳು ಹತ್ತಿರವೇ ಇರಬೇಕಾದ್ದು ಅದಕ್ಕೇ’ ಅಂದರು. ಒಳ್ಳೆಯ ಉತ್ತರ ಅಂತ ಅನಿಸಿತು. ಪೂರ್ತಿ ಸಾಲಲಿಲ್ಲ.

ಇನ್ನೊಬ್ಬ ನನ್ನ ಹಳೆಯ ಸಹೋದ್ಯೋಗಿ, ಮಂಗಳೂರಿನ ಬೆಂದೂರಿನವನು, ಕ್ಯಾಥೊಲಿಕ್. ಇವನು ಖಂಡಿತ ವಿರೋಧಿಸುತ್ತಾನೆ ಅಂತ ನಾನು ತಯಾರಾಗಿ ಹೋಗಿದ್ದೆ. ಅವನು ನಕ್ಕು, 1957ರಲ್ಲೇ ಪೋಪ್ ಹನ್ನೆರಡನೆಯ ಪಯಸ್ ಅರಿವಳಿಕೆ ತಜ್ಞರ ಮುಂದೆ ಮಾತಾಡುತ್ತಾ, ಅಸಾಧಾರಣವಾದ ಉಪಾಯಗಳಿಂದ ಜೀವ ಹಿಡಿದಿಡಲೇಬೇಕು ಎಂಬ ಕಟ್ಟುಪಾಡಿಲ್ಲ ಅಂದಿದ್ದರು ಅಂತ ಹೇಳಿದ. ಕೋಪನ್‌ಹೇಗನ್ ಆಗಿ ಐದೇ ವರ್ಷಕ್ಕೆ! ನಾನು ಮನಸ್ಸಿನಲ್ಲೇ ಅವನಿಗೆ ಒಂದು ವಾದ ಕೊಟ್ಟು, ಅದನ್ನು ಸೋಲಿಸಲು ಹೊರಟಿದ್ದೆ. ಎದುರಿಗಿರುವವನು ಏನು ಹೇಳುತ್ತಾನೆ ಅಂತ ಕೇಳದೆ ಉತ್ತರ ತಯಾರು ಮಾಡುವುದು ಎಷ್ಟು ಸಲೀಸು ನೋಡಿ.

ಅವನ ತಕರಾರು ಬೇರೆಯೇ ಇತ್ತು. ‘ನಮ್ಮ ಡ್ಯಾಡಿ ಯಾವಾಗಲೂ ಹೇಳುತ್ತಿದ್ದರು, ವೀಲ್‌ಚೇರಿನಲ್ಲಿ ಕೂರುವುದಕ್ಕಿಂತ ಸಾಯುವುದು ವಾಸಿ ಅಂತ. ಆಮೇಲೆ ಒಂಬತ್ತು ವರ್ಷ ವೀಲ್‌ಚೇರಿನಲ್ಲಿದ್ದರು. ಮೊಮ್ಮಕ್ಕಳ ಕ್ರಿಕೆಟಿಗೆ ಅಂಪೈರ್ ಆಗಿ! ನೀನು ಬರೆದಿಡುವುದು ಈಗ ಗಟ್ಟಿ ಇರುವ ನೀನು. ಅಲ್ಲಿ ಮಲಗುವವನು ಇನ್ನೊಬ್ಬ ಆಗಿದ್ದರೆ ಎಂತ ಮಾಡ್ತಿ?’ ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಅರ್ಧ ಮಾತ್ರ ಇದೆ. ವೀಲ್‌ಚೇರಿನಲ್ಲಿ ಕೂತವರು ಮನಸ್ಸು ಬದಲಾಯಿಸಿ ಹೇಳಬಲ್ಲರು. ವೆಂಟಿಲೇಟರಿನಲ್ಲಿ ಎಚ್ಚರ ತಪ್ಪಿ ಮಲಗಿದವರು ಹೇಳಲಾರರು. ಹಾಗಾಗಿ ಬರೆಯುವುದನ್ನು ಎರಡನೆಯ ಸ್ಥಿತಿಗೆ ಮಾತ್ರ ಸೀಮಿತ ಮಾಡಬೇಕು. ಮೊದಲನೆಯದಕ್ಕೆ ಕೈ ಹಾಕಬಾರದು.

ಈಗ ನನಗೆ 63. ಕಳೆದ ವರ್ಷ, ‘ನನಗೆ ಇಂಥದ್ದು ಬೇಡ’ ಅಂತ ಮೊದಲೇ ಬರೆದಿಡುವ ಆ ನಮೂನೆ ತೆಗೆದುಕೊಂಡು ಬರೆಯಲು ಕೂತೆ. ನನ್ನ ಪರವಾಗಿ ನಿರ್ಧಾರ ಮಾಡುವ ಇಬ್ಬರ ಹೆಸರು ಬೇಕು. ಹೆಂಡತಿಯ ಹೆಸರು ಬರೆಯಲು ಹೋದಾಗ ಅವಳು ‘ನನ್ನನ್ನು ತಲೆ ಅಲ್ಲಾಡಿಸುವವಳು ಮಾಡ್ಬೇಡಿ’ ಅಂದಳು. ಅಕ್ಕನನ್ನು ಅವಳು ಮರೆತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿರುವ ಮಗಳು ಮತ್ತು ನನ್ನ ತಮ್ಮ ಅಂತ ಆಯಿತು. ಒಂದು ಪ್ರತಿ ನಗರಸಭೆಯ ಅಧಿಕಾರಿಗೆ, ಒಂದು ನಮ್ಮ ಮನೆಯ ಡಾಕ್ಟರಿಗೆ ಕೊಡಬೇಕು.

ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದೆ. ‘ಯಾರಿಗೂ ಭಾರ ಆಗಲು ಇಷ್ಟ ಇಲ್ಲ’ ಅಂತ ಒಂದು ಸಾಲಿತ್ತು. ಅಲ್ಲಿ ಅವಳು ನಿಲ್ಲಿಸಿದಳು. ‘ಅಮ್ಮನೂ ಹೀಗೇ ಹೇಳ್ತಿದ್ರು. ಬೇಡ ಅಂತ ಹೇಳಿ ಆದ್ಮೇಲೆ ಪ್ರತೀ ಸಲ ನನ್ನ ಮುಖ ನೋಡ್ತಿದ್ರು. ನೀವೆಲ್ಲ ನಗ್ತಿದ್ರಿ, ನೋಡಿದ್ದು ನಾನು ಮಾತ್ರ. ನಾನು ಇಲ್ಲಮ್ಮಾ, ನೀವು ಭಾರ ಅಲ್ಲ ಅಂತ ಹೇಳ್ಬೇಕಿತ್ತೋ ಏನೋ. ಹೇಳ್ಲಿಲ್ಲ.’

ಆ ಸಾಲು ಹೊಡೆದು ಹಾಕಿದೆ. ಭಾರ ಆಗಬಾರದು ಅನ್ನುವುದು ನನ್ನ ಆಸೆಯೋ, ಎದುರಿನವರ ಮುಖ ನೋಡಲು ಹೇಳುವ ಉಪಚಾರದ ಮಾತೋ ನನಗ್ಗೊತ್ತಿಲ್ಲ. ನೋಟರಿಯ ಹತ್ತಿರ ಹೋಗುವುದನ್ನೂ ಮುಂದೆ ಹಾಕಿದೆ. ಬದಲಿಗೆ ಮಗಳಿಗೆ ಹೇಳಿದೆ, ನೀನು ನನ್ನನ್ನು ಮೂರು ಸಲ ಕೇಳಬೇಕು. ಒಂದೊಂದು ಸಲಕ್ಕೂ ನಡುವೆ ಕೆಲವು ತಿಂಗಳಾದರೂ ಇರಬೇಕು. ಕೇಳುವಾಗ ಹಿಂದಿನ ಉತ್ತರ ತೋರಿಸಬಾರದು.

ಮೊದಲ ಸಲ ಕೇಳಿದ್ದು ನನಗೆ ಜ್ವರ ಬಂದು ಮಲಗಿದ್ದಾಗ. ಎಲ್ಲದಕ್ಕೂ ಬೇಡ ಅಂದಿದ್ದೆ. ವೆಂಟಿಲೇಟರ್ ಬೇಡ, ಡಯಾಲಿಸಿಸ್ ಬೇಡ, ಮೂಗಿನ ಕೊಳವೆ ಬೇಡ. ಎರಡನೆಯ ಸಲ ಮೊಮ್ಮಗಳ ಹುಟ್ಟುಹಬ್ಬದ ಮರುದಿನ, ಮಲ್ಪೆಯ ಮರಳಿನಲ್ಲಿ ನಡೆಯುವಾಗ ಕೇಳಿದಳು. ವೆಂಟಿಲೇಟರಿಗೆ, ಎಚ್ಚರ ಮರಳುವ ಆಸೆ ಇಲ್ಲ ಅಂತ ಖಚಿತವಾದ ಮೇಲೆ ಬೇಡ ಅಂದೆ. ಅದು ಅದೇ ಉತ್ತರ. ಮೂಗಿನ ಕೊಳವೆಗೆ ಬಂದಾಗ ನಿಂತೆ. ಗಂಟಲು ಹೋಗಿ, ಆದರೆ ಮೊಮ್ಮಗಳ ಗುರುತು ಸಿಗುತ್ತಾ ಇದ್ದರೆ? ‘ಅದು ಇರಲಿ, ಸ್ವಲ್ಪ ದಿನ ಹಾಕಿ ನೋಡಿ’ ಅಂದೆ. ಅವಳು ಮಾತಾಡದೆ ಮೊಬೈಲಿನಲ್ಲಿ ಬರೆದುಕೊಂಡಳು.

ಮೂರನೆಯ ಸಲ ದೀಪಾವಳಿಗೆ ಬಂದಾಗ ಕೇಳುವುದಿದೆ.